ಮೀನು ಜಾಸ್ತಿ ಇರುವ ತೊಟ್ಟಿಗೆ ಎಂಥ ಫಿಲ್ಟರ್ ಬೇಕು?

ಎಲ್ಲರಿಗೂ ನಮಸ್ಕಾರ.

ಮೀನು ಸಾಕುವವರು ನಾಲ್ಕು ಜನ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಂದು 200 ಲೀಟರ್ ಟ್ಯಾಂಕು, ಯಾವ ಫಿಲ್ಟರ್ ಹಾಕಲಿ?" ಫಿಲ್ಟರಿನ ಡಬ್ಬದ ಮೇಲೂ "ಇಷ್ಟು ಲೀಟರ್ ತನಕ" ಅಂತಲೇ ಅಚ್ಚಾಗಿರುತ್ತದೆ. ಆದರೆ ಆ 200 ಲೀಟರಿನಲ್ಲಿ ಹದಿನೈದು ನಿಯಾನ್ ಟೆಟ್ರಾ ಇರಬಹುದು, ಇಲ್ಲವೇ ಅಂಗೈ ಅಗಲದ ನಾಲ್ಕು ಗೋಲ್ಡ್‌ಫಿಶ್ ಇರಬಹುದು. ನೀರು ಅಷ್ಟೇ. ಫಿಲ್ಟರಿನ ಮೇಲೆ ಬೀಳುವ ಕೆಲಸ ಮಾತ್ರ ಹತ್ತಾರು ಪಟ್ಟು ಬೇರೆ.

ಹಾಗಾಗಿ ನಾನು ಯಾವಾಗಲೂ ಒಂದು ಮರುಪ್ರಶ್ನೆ ಕೇಳುತ್ತೇನೆ. ದಿನಕ್ಕೆ ಎಷ್ಟು ಗ್ರಾಂ ಊಟ ಹಾಕುತ್ತೀರಿ?

ಹೆಚ್ಚಿನವರಿಗೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ. ಚಿಟಿಕೆ ಲೆಕ್ಕದಲ್ಲಿ ಹಾಕುತ್ತೇವೆ, ಅಲ್ವಾ? ತಿಳಿದುಕೊಳ್ಳುವುದು ಸುಲಭ. ಊಟದ ಡಬ್ಬಿಯನ್ನು ಇವತ್ತು ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳಿ. ಒಂದು ವಾರ ಬಿಟ್ಟು ಮತ್ತೆ ತೂಕ ನೋಡಿ. ಕಡಿಮೆಯಾದದ್ದನ್ನು ಏಳರಿಂದ ಭಾಗಿಸಿದರೆ ನಿಮ್ಮ ತೊಟ್ಟಿಯ ನಿಜವಾದ ಅಳತೆ ಸಿಕ್ಕಿತು. ಫಿಲ್ಟರ್ ಆರಿಸುವಾಗ ಈ ಸಂಖ್ಯೆಯಷ್ಟು ಉಪಯೋಗಕ್ಕೆ ಬರುವುದು ಬೇರೆ ಯಾವುದೂ ಇಲ್ಲ. ಯಾಕೆ ಅಂತ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

ಮೀನಿನ ಊಟದಲ್ಲಿ ಪ್ರೋಟೀನ್ ಇರುತ್ತದೆ, ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ. ಮೀನು ಬೆಳೆಯಲು ಅದರಲ್ಲಿ ಸ್ವಲ್ಪ ಬಳಸಿಕೊಂಡು ಉಳಿದದ್ದರಲ್ಲಿ ಬಹುಪಾಲನ್ನು ಅಮೋನಿಯಾ ರೂಪದಲ್ಲಿ ಹೊರಗೆ ಹಾಕುತ್ತದೆ. ಹೆಚ್ಚಿನದು ಕಿವಿರುಗಳಿಂದಲೇ ನೇರವಾಗಿ ನೀರಿಗೆ ಬರುತ್ತದೆ. ಅಂದರೆ ತೊಟ್ಟಿಯ ತಳದಲ್ಲಿ ಒಂದು ಚೂರೂ ಹೊಲಸು ಕಾಣದಿದ್ದರೂ ಅಮೋನಿಯಾ ಏರುತ್ತಲೇ ಇರುತ್ತದೆ. ಮೀನು ಸಾಕಣೆ ಉದ್ಯಮದವರು ಇದಕ್ಕೆ ಒಂದು ಸರಳ ಸೂತ್ರ ಬಳಸುತ್ತಾರೆ: ಊಟದ ತೂಕ, ಗುಣಿಸು ಪ್ರೋಟೀನಿನ ಪಾಲು, ಗುಣಿಸು 0.092. ದಿನಕ್ಕೆ 10 ಗ್ರಾಂ ಊಟ, ಅದರಲ್ಲಿ ಶೇಕಡಾ 40 ಪ್ರೋಟೀನ್ ಅಂದುಕೊಳ್ಳಿ. ಸುಮಾರು 0.37 ಗ್ರಾಂ ಅಮೋನಿಯಾ ಸಾರಜನಕ ಬರುತ್ತದೆ. 200 ಲೀಟರಿಗೆ ಹಂಚಿದರೆ ಲೀಟರಿಗೆ 1.8 ಮಿಲಿಗ್ರಾಂ. ಟೆಸ್ಟ್ ಕಿಟ್ಟಿನಲ್ಲಿ ಸೊನ್ನೆ ಇರಬೇಕಾದ ಜಾಗದಲ್ಲಿ, ಫಿಲ್ಟರ್ ಕೆಲಸ ಮಾಡದೆ ಹೋದರೆ, ಒಂದೇ ದಿನಕ್ಕೆ ಇಷ್ಟು.

ಈ ಅಮೋನಿಯಾದ ವಿಷ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮೇಲೆ ನಿಂತಿದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಹೆಚ್ಚು ಕಾಟ ಕೊಡುವುದಿಲ್ಲ. ಅಮೋನಿಯಾ ರೂಪ ಕಿವಿರನ್ನು ಸುಡುತ್ತದೆ. 25 ಡಿಗ್ರಿ ನೀರಿನಲ್ಲಿ, ಪಿಎಚ್ 7 ಇದ್ದಾಗ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ನೂರಕ್ಕೆ ಐದನ್ನು ದಾಟುತ್ತದೆ. ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಸಿಕ್ಲಿಡ್ ಮೀನು ಸಾಕುವವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಆ ಮೀನುಗಳನ್ನು ಬೇಕೆಂದೇ ಒತ್ತೊತ್ತಾಗಿ ಸಾಕುತ್ತಾರೆ. ಮೀನು ಕಡಿಮೆ ಇದ್ದರೆ ಜಗಳಗಂಟ ಗಂಡು ಒಂದೇ ಮೀನಿನ ಬೆನ್ನು ಹತ್ತಿ ಕೊಂದು ಹಾಕುತ್ತದೆ. ಜಾಸ್ತಿ ಇದ್ದರೆ ಅದರ ಕೋಪ ಹಂಚಿಹೋಗುತ್ತದೆ. ಆದರೆ ಅವುಗಳಿಗೆ ಬೇಕಾದ ನೀರು ಪಿಎಚ್ 8ರ ಆಸುಪಾಸಿನದು. ಒಂದು ಕಡೆ ಮೀನು ಜಾಸ್ತಿ, ಇನ್ನೊಂದು ಕಡೆ ಅಮೋನಿಯಾ ಜಾಸ್ತಿ ವಿಷವಾಗುವ ನೀರು. ಅಲ್ಲಿ ಫಿಲ್ಟರ್ ಒಂದು ದಿನ ಸೋತರೂ ಮೀನು ಉಳಿಯುವುದು ಕಷ್ಟ.

ಹಾಗಾದರೆ ಅಮೋನಿಯಾವನ್ನು ತೆಗೆಯುವವರು ಯಾರು? ಬ್ಯಾಕ್ಟೀರಿಯಾ. ಫಿಲ್ಟರ್ ಅಂದರೆ ಅವುಗಳಿಗೆ ಇರಲು ಜಾಗ ಮತ್ತು ಅವುಗಳ ಹತ್ತಿರ ನೀರು ತಂದುಕೊಡುವ ಪಂಪು, ಅಷ್ಟೇ. ಸೆರ್ಗೈ ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿ 1890ರ ಹೊತ್ತಿಗೆ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ ಅಂತ ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಓದಿಕೊಂಡು ಬಂದೆವು. 2015ರಲ್ಲಿ ನೈಟ್ರೋಸ್ಪೈರಾ ಗುಂಪಿನ ಕೆಲವು ಬ್ಯಾಕ್ಟೀರಿಯಾ ಎರಡೂ ಕೆಲಸವನ್ನು ಒಂಟಿಯಾಗಿಯೇ ಮಾಡುತ್ತವೆ ಅಂತ ಗೊತ್ತಾಯಿತು. ಇಷ್ಟು ಹಳೆಯ ವಿಷಯದಲ್ಲೂ ಇಷ್ಟು ದೊಡ್ಡದೊಂದು ಸಂಗತಿ ಅಷ್ಟು ಕಾಲ ಕಣ್ಣಿಗೆ ಬೀಳದೆ ಇತ್ತಲ್ಲ ಅಂತ ನನಗೆ ಈಗಲೂ ಬೆರಗು. ನಮಗೆ ಬೇಕಾದ ಅಂಶ ಮೂರೇ. ಅವು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ತುಂಬ ನಿಧಾನವಾಗಿ ಬೆಳೆಯುತ್ತವೆ. ಮತ್ತು ಅವುಗಳಿಗೆ ಆಕ್ಸಿಜನ್ ಬೇಕು.

ಈ ಮೂರನೆಯದರ ಬಗ್ಗೆ ಸ್ವಲ್ಪ ನಿಲ್ಲೋಣ. ಜನ ಮರೆಯುವುದು ಇದನ್ನೇ.

1 ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಕ್ಸಿಜನ್ ಬೇಕು. ನಮ್ಮ ಲೆಕ್ಕದ 0.37 ಗ್ರಾಂಗೆ 1.7 ಗ್ರಾಂ ಆಯಿತು. ಈಗ 28 ಡಿಗ್ರಿ ನೀರಿನಲ್ಲಿ ಎಷ್ಟು ಆಕ್ಸಿಜನ್ ಕರಗಬಲ್ಲದು? ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ. 200 ಲೀಟರಿಗೆ ಒಟ್ಟು 1.6 ಗ್ರಾಂ ಕೂಡ ಇಲ್ಲ. ಇಡೀ ತೊಟ್ಟಿಯಲ್ಲಿ ಒಂದು ಹೊತ್ತಿಗೆ ಕರಗಿರುವ ಆಕ್ಸಿಜನ್ನಿಗಿಂತ ಜಾಸ್ತಿಯನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳೇ ಒಂದು ದಿನಕ್ಕೆ ಬಳಸುತ್ತವೆ. ಮೀನಿನ ಉಸಿರಾಟ ಬೇರೆ. ಕೊಳೆಯುವ ಹೊಲಸು ನುಂಗುವ ಆಕ್ಸಿಜನ್ ಬೇರೆ. ಮೀನು ಜಾಸ್ತಿ ಇರುವ ತೊಟ್ಟಿಯಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಆಕ್ಸಿಜನ್, ಅದೂ ಬೇಸಗೆಯ ರಾತ್ರಿ. ನೀರು ಬಿಸಿಯಾದಷ್ಟೂ ಆಕ್ಸಿಜನ್ ಕಡಿಮೆ ಕರಗುತ್ತದೆ, ಮೀನು ಮಾತ್ರ ಜಾಸ್ತಿ ಕೇಳುತ್ತದೆ. ಬೆಳಿಗ್ಗೆ ಲೈಟ್ ಹಾಕುವ ಮುಂಚೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವು ಅಂದುಕೊಳ್ಳಬೇಡಿ.

ಆದ್ದರಿಂದ ಫಿಲ್ಟರನ್ನು ನೋಡುವಾಗ ನಾನು ಮೊದಲು ನೋಡುವುದು ನೀರು ಹೊರಗೆ ಬರುವ ಬಾಯಿಯನ್ನು. ಅದು ಮೇಲ್ಮೈಯನ್ನು ಕಲಕುತ್ತದಾ? ನೀರಿಗೆ ಎಲ್ಲಾದರೂ ಗಾಳಿ ತಾಗುತ್ತದಾ?

ಈ ಕಣ್ಣಿನಿಂದ ಒಂದೊಂದನ್ನೇ ನೋಡುತ್ತಾ ಹೋಗೋಣ.

ಏರ್ ಪಂಪಿನಿಂದ ಓಡುವ ಸ್ಪಾಂಜ್ ಫಿಲ್ಟರನ್ನು ಜನ ಸುಮ್ನೆ ಕಡೆಗಣಿಸುತ್ತಾರೆ. ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಗಾಳಿ ಮತ್ತು ಬ್ಯಾಕ್ಟೀರಿಯಾ ಎರಡೂ ಒಂದೇ ಕಡೆ ಸಿಗುತ್ತವೆ, ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ, ಮರಿಗಳು ಸಿಕ್ಕಿಕೊಂಡು ಸಾಯುವುದಿಲ್ಲ. ಮೀನು ಮರಿ ಮಾಡಿಸುವವರು ಸಾಲು ಸಾಲು ತೊಟ್ಟಿಗಳನ್ನು ಇದರಿಂದಲೇ ನಡೆಸುತ್ತಾರೆ. ಅದರ ಕೊರತೆ ಒಂದೇ. ದೊಡ್ಡ ಮೀನಿನ ದಪ್ಪ ಹೊಲಸನ್ನು ಎಳೆದುಕೊಳ್ಳುವ ಶಕ್ತಿ ಇಲ್ಲ. ಆಸ್ಕರ್, ಫ್ಲವರ್‌ಹಾರ್ನ್, ದೊಡ್ಡ ಗೋಲ್ಡ್‌ಫಿಶ್ ಇರುವ ಕಡೆ ಇದೊಂದೇ ಸಾಲದು. ಎರಡನೆಯ ಫಿಲ್ಟರಾಗಿ ಮಾತ್ರ ಎಲ್ಲ ಕಡೆಯೂ ಇರಲಿ.

ತೊಟ್ಟಿಯ ಹಿಂಬದಿಗೆ ನೇತುಹಾಕುವ ಫಿಲ್ಟರಿನಲ್ಲಿ ನೀರು ಮೇಲಿನಿಂದ ಬೀಳುವುದು ಒಳ್ಳೆಯದು, ಮೀಡಿಯಾಕ್ಕೆ, ಅಂದರೆ ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಒಳಗೆ ತುಂಬುವ ಸ್ಪಾಂಜ್, ರಿಂಗ್ ಮುಂತಾದವಕ್ಕೆ, ಜಾಗ ಕಡಿಮೆ ಇರುವುದು ಕೆಟ್ಟದ್ದು. ಒಳಗೆ ಮುಳುಗಿಸುವ ಪವರ್ ಫಿಲ್ಟರಿಗೆ ಇದಕ್ಕಿಂತಲೂ ಕಡಿಮೆ ಜಾಗ. ಜಲ್ಲಿಯ ಕೆಳಗೆ ಹಾಕುವ ಅಂಡರ್‌ಗ್ರಾವೆಲ್ ಫಿಲ್ಟರ್ ಇಂಥ ತೊಟ್ಟಿಗೆ ಬೇಡವೇ ಬೇಡ. ಹೊಲಸೆಲ್ಲ ಪ್ಲೇಟಿನ ಕೆಳಗೆ ಸೇರಿಕೊಳ್ಳುತ್ತದೆ, ತೊಟ್ಟಿ ಬಿಚ್ಚದೆ ತೆಗೆಯಲು ಆಗುವುದಿಲ್ಲ.

ತೊಟ್ಟಿಯ ಹೊರಗಿಟ್ಟು ಪೈಪಿನಿಂದ ಜೋಡಿಸುವ ಕ್ಯಾನಿಸ್ಟರ್ ಫಿಲ್ಟರ್ ಎಲ್ಲರಿಗೂ ಇಷ್ಟ. ನನಗೂ ಇಷ್ಟವೇ. ಸದ್ದಿಲ್ಲ, ಕಣ್ಣಿಗೆ ಬೀಳುವುದಿಲ್ಲ, ನಾಲ್ಕೈದು ಲೀಟರ್ ಮೀಡಿಯಾ ಹಿಡಿಯುವಂಥವು ಸಿಗುತ್ತವೆ. ಆದರೆ ಅದು ಮುಚ್ಚಿದ ಡಬ್ಬ. ಒಳಗೆ ಗಾಳಿ ತಾಗುವುದಿಲ್ಲ. ತೊಟ್ಟಿಯಿಂದ ಬಂದ ನೀರಿನಲ್ಲಿ ಎಷ್ಟು ಆಕ್ಸಿಜನ್ ಇದೆಯೋ ಅಷ್ಟರಲ್ಲೇ ಬ್ಯಾಕ್ಟೀರಿಯಾ ಬದುಕಬೇಕು. ಹೊಲಸೂ ಅದೇ ಡಬ್ಬದಲ್ಲಿ ಕೂತಿರುತ್ತದೆ. ಇಲ್ಲೊಂದು ಮಾತು ಗಮನಿಸಿ. ಫಿಲ್ಟರ್ ಹಿಡಿದಿಟ್ಟ ಹೊಲಸು ತೊಟ್ಟಿಯಿಂದ ಹೊರಗೆ ಹೋದಂತಲ್ಲ. ಅದರ ಮೇಲೆ ಇಡೀ ಹೊತ್ತು ನೀರು ಹರಿಯುತ್ತಲೇ ಇದೆ, ಅದು ಕೊಳೆಯುತ್ತಾ ಅಮೋನಿಯಾವನ್ನೂ ಬಿಡುತ್ತದೆ, ಆಕ್ಸಿಜನ್ನನ್ನೂ ನುಂಗುತ್ತದೆ. ಅದೂ ಅಲ್ಲದೆ ಹೊಲಸು ತಿನ್ನುವ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ನಮಗೆ ಬೇಕಾದ ನಿಧಾನದ ಬ್ಯಾಕ್ಟೀರಿಯಾಗಳನ್ನು ಮುಚ್ಚಿಹಾಕುತ್ತವೆ. "ಮೂರು ತಿಂಗಳಿಗೊಮ್ಮೆ ತೆರೆದರೆ ಸಾಕು" ಅನ್ನುವುದು ಮೀನು ಕಡಿಮೆ ಇರುವ ತೊಟ್ಟಿಗೆ ಸರಿ. ಜಾಸ್ತಿ ಇದ್ದರೆ ಕ್ಯಾನಿಸ್ಟರನ್ನು ಎರಡು ಮೂರು ವಾರಕ್ಕೊಮ್ಮೆ ಬಿಚ್ಚಲೇಬೇಕು. ಬಿಚ್ಚುವುದು ನಿಮಗೆ ತಲೆನೋವು ಅನ್ನಿಸಿದರೆ ಕ್ಯಾನಿಸ್ಟರ್ ಕೊಳ್ಳಬೇಡಿ. ನೀರು ಎಳೆಯುವ ಪೈಪಿನ ಬಾಯಿಗೆ ಒಂದು ಒರಟು ಸ್ಪಾಂಜ್ ಸಿಕ್ಕಿಸಿದರೆ ಕೆಲಸ ಎಷ್ಟೋ ಹಗುರವಾಗುತ್ತದೆ. ಅದನ್ನು ವಾರಕ್ಕೆರಡು ಸಲ ತೆಗೆದು ಹಿಂಡುವುದು ಎರಡು ನಿಮಿಷದ ಕೆಲಸ.

ಜಾಗ ಇದ್ದವರಿಗೆ ನಾನು ಹೇಳುವುದು ಸಂಪ್. ಕೆಳಗೆ ಇನ್ನೊಂದು ತೊಟ್ಟಿ, ಮೇಲಿನ ನೀರು ಅದಕ್ಕೆ ಇಳಿದು, ಮೀಡಿಯಾ ದಾಟಿ, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಒಟ್ಟು ನೀರು ಹೆಚ್ಚಾಯಿತು. ಮೀಡಿಯಾಕ್ಕೆ ಬೇಕಾದಷ್ಟು ಜಾಗ ಆಯಿತು. ನೀರು ಇಳಿಯುವ ದಾರಿಯಲ್ಲೇ ಗಾಳಿ ಬೆರೆಯುತ್ತದೆ. ಮೀಡಿಯಾ ನೀರಿನಲ್ಲಿ ಮುಳುಗದೆ ಮೇಲಿನಿಂದ ಹನಿಯುವ ನೀರಿನಲ್ಲಿ ನೆನೆಯುವ ಹಾಗೆ ಇಟ್ಟರೆ ಇನ್ನೂ ಒಳ್ಳೆಯದು. ಆಗ ಬ್ಯಾಕ್ಟೀರಿಯಾಕ್ಕೆ ಆಕ್ಸಿಜನ್ ನೇರ ಗಾಳಿಯಿಂದಲೇ ಸಿಗುತ್ತದೆ. ಇಲ್ಲವೇ ಕೆ1 ಅನ್ನುವ ಪ್ಲಾಸ್ಟಿಕ್ ಚಕ್ರಗಳನ್ನು ಸಂಪಿನ ಒಂದು ಕೋಣೆಗೆ ಹಾಕಿ ಕೆಳಗಿನಿಂದ ಗಾಳಿ ಬಿಡಬಹುದು. ಈ ವಿಧಾನ ಹುಟ್ಟಿದ್ದು ನಾರ್ವೆಯಲ್ಲಿ, 1980ರ ದಶಕದ ಕೊನೆಗೆ, ಊರಿನ ಕೊಳಚೆ ನೀರು ಶುದ್ಧ ಮಾಡಲು. ಚಕ್ರಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಹಳೆಯ ಪದರ ತಾನಾಗಿ ಕಳಚುತ್ತದೆ, ಮೀಡಿಯಾ ಕಟ್ಟಿಕೊಳ್ಳುವ ಪ್ರಶ್ನೆಯೇ ಇಲ್ಲ. ಸಂಪ್ ಕಟ್ಟುವಾಗ ಒಂದು ಎಚ್ಚರಿಕೆ. ಕರೆಂಟ್ ಹೋದಾಗ ಮೇಲಿನ ತೊಟ್ಟಿಯಿಂದ ಒಂದಿಷ್ಟು ನೀರು ಕೆಳಗೆ ಇಳಿದೇ ಇಳಿಯುತ್ತದೆ. ಅಷ್ಟು ಹಿಡಿಯುವ ಜಾಗ ಸಂಪಿನಲ್ಲಿ ಖಾಲಿ ಇರಲಿ. ಪ್ಲಗ್ ತೆಗೆದು ಪರೀಕ್ಷೆ ಮಾಡಿಯೇ ನಂಬಿ.

ಮೀಡಿಯಾದ ಜಾಹೀರಾತುಗಳಲ್ಲಿ ಮೇಲ್ಮೈ ವಿಸ್ತೀರ್ಣದ ದೊಡ್ಡ ದೊಡ್ಡ ಅಂಕಿ ನೋಡುತ್ತೀರಿ. ಸೂಕ್ಷ್ಮ ರಂಧ್ರಗಳ ಒಳಗಿನ ಗೋಡೆಯನ್ನೂ ಸೇರಿಸಿ ಮಾಡಿದ ಲೆಕ್ಕ ಅದು. ಹೊಲಸು ಜಾಸ್ತಿ ಇರುವ ತೊಟ್ಟಿಯಲ್ಲಿ ಹೊರಗಿನ ಲೋಳೆ ಪದರ ಆ ರಂಧ್ರಗಳ ಬಾಯಿ ಮುಚ್ಚಿಬಿಡುತ್ತದೆ. ಒಳಗೆ ಆಕ್ಸಿಜನ್ ಹೋಗದಿದ್ದರೆ ಆ ಜಾಗ ಇದ್ದೂ ಇಲ್ಲದಂತೆ. ನನ್ನ ಅಭಿಪ್ರಾಯ ಕೇಳಿದರೆ, ಒರಟು ಸ್ಪಾಂಜಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಹೊಲಸು ಹಿಡಿಯುತ್ತದೆ, ಬ್ಯಾಕ್ಟೀರಿಯಾ ಸಾಕುತ್ತದೆ, ಹಿಂಡಿದರೆ ಮತ್ತೆ ಹೊಸದರಂತೆ ಓಡುತ್ತದೆ. ನೀರು ಮೊದಲು ಒರಟು ಸ್ಪಾಂಜಿನಲ್ಲಿ, ಆಮೇಲೆ ನಯವಾದದ್ದರಲ್ಲಿ, ಕೊನೆಗೆ ಸೆರಾಮಿಕ್ ರಿಂಗ್ ಅಥವಾ ಬಯೋ ಬಾಲ್‌ನಲ್ಲಿ ಹರಿಯಲಿ. ಕಾರ್ಬನ್ ಹಾಕಿ ಜಾಗ ಕಳೆಯಬೇಡಿ. ಅದು ನೀರಿನ ಬಣ್ಣ, ವಾಸನೆ, ಔಷಧಿಯ ಉಳಿಕೆ ತೆಗೆಯುತ್ತದೆ. ಅಮೋನಿಯಾ ತೆಗೆಯುವುದಿಲ್ಲ.

ಈಗ ಪಂಪಿನ ವೇಗ. ಸಾಮಾನ್ಯ ತೊಟ್ಟಿಗೆ ಗಂಟೆಗೆ ನಾಲ್ಕರಿಂದ ಆರು ಪಟ್ಟು ನೀರು ತಿರುಗಿದರೆ ಸಾಕು, ಮೀನು ಜಾಸ್ತಿ ಇದ್ದರೆ ಎಂಟರಿಂದ ಹತ್ತು ಪಟ್ಟು ಇರಲಿ ಅನ್ನುವುದು ರೂಢಿಯ ಮಾತು. ತಪ್ಪಲ್ಲ. ಆದರೆ ಡಬ್ಬದ ಮೇಲಿನ ಅಂಕಿ ಸಾಮಾನ್ಯವಾಗಿ ಮೀಡಿಯಾ ಇಲ್ಲದೆ, ನೀರನ್ನು ಮೇಲೆತ್ತದೆ, ಬರಿ ಪಂಪನ್ನು ಓಡಿಸಿದಾಗ ಬಂದದ್ದು. ನಿಮ್ಮ ಫಿಲ್ಟರಿನ ಅಂಕಿಯನ್ನು ನೀವೇ ಅಳೆಯಿರಿ. 10 ಲೀಟರ್ ಬಕೆಟ್ ತನ್ನಿ. ಹೊರಬರುವ ಪೈಪನ್ನು ತೊಟ್ಟಿಯ ಅಂಚಿನ ಎತ್ತರದಲ್ಲೇ ಹಿಡಿದು ಬಕೆಟ್ಟಿಗೆ ಬಿಡಿ, ಗಡಿಯಾರ ನೋಡಿ. ತುಂಬಲು 60 ಸೆಕೆಂಡ್ ಹಿಡಿದರೆ ಗಂಟೆಗೆ 600 ಲೀಟರ್. ಡಬ್ಬದಲ್ಲಿ 1,200 ಅಂತ ಇದ್ದರೂ ಗಾಬರಿಯಾಗಬೇಡಿ, ಅರ್ಧಕ್ಕೆ ಇಳಿಯುವುದು ಅಪರೂಪವೇನಲ್ಲ. ಸ್ವಚ್ಛ ಮಾಡಿದ ದಿನ ಒಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ ಅಳೆದರೆ ಯಾವಾಗ ಬಿಚ್ಚಬೇಕು ಅನ್ನುವುದೂ ಗೊತ್ತಾಗುತ್ತದೆ.

ಪಂಪನ್ನು ದುಪ್ಪಟ್ಟು ಮಾಡಿದರೆ ಬ್ಯಾಕ್ಟೀರಿಯಾ ದುಪ್ಪಟ್ಟಾಗುವುದಿಲ್ಲ. ಮೀಡಿಯಾಕ್ಕೆ ಜಾಗ ಇಲ್ಲದ ಜೋರು ಪಂಪು ಹೊಲಸನ್ನು ಚೂರು ಮಾಡಿ ಸುತ್ತಿಸುತ್ತದೆ, ಉದ್ದ ರೆಕ್ಕೆಯ ಗೋಲ್ಡ್‌ಫಿಶ್ಶನ್ನು ಮೂಲೆಗೆ ತಳ್ಳುತ್ತದೆ. ಉದ್ದಕ್ಕೂ ತೂತಿರುವ ಸ್ಪ್ರೇ ಬಾರ್ ಹಾಕಿ ಹರಿವನ್ನು ಹಂಚಿದರೆ ಒಳ್ಳೆಯದು.

ಸ್ವಚ್ಛ ಮಾಡುವ ರೀತಿ ಹೇಳುತ್ತೇನೆ. ತೊಟ್ಟಿಯ ನೀರನ್ನೇ ಒಂದು ಬಕೆಟ್ಟಿಗೆ ತೆಗೆದುಕೊಳ್ಳಿ. ಸ್ಪಾಂಜನ್ನು ಅದರಲ್ಲಿ ಮುಳುಗಿಸಿ ಹಿಂಡಿ. ಮೊದಲ ಹಿಂಡಿಗೆ ನೀರು ಕಡುಕಂದಾಗುತ್ತದೆ, ಮೂರನೆಯದಕ್ಕೆ ತಿಳಿಯಾಗುತ್ತಾ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಬೆರಳಿಗೆ ಸ್ವಲ್ಪ ಜಾರುವಂಥ ಲೋಳೆ ಉಳಿದಿರಬೇಕು, ನಮಗೆ ಬೇಕಾದದ್ದು ಅಂಟಿಕೊಂಡಿರುವುದು ಅದರಲ್ಲೇ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದು ಬಿಳುಪು ಮಾಡಬೇಡಿ. ಎಲ್ಲ ಮೀಡಿಯಾವನ್ನು ಒಂದೇ ದಿನ ಮುಟ್ಟಲೂ ಬೇಡಿ.

ಇದೇ ಕಾರಣಕ್ಕೆ, ಒಂದು ದೊಡ್ಡ ಫಿಲ್ಟರ್ ಕೊಳ್ಳುವ ಬದಲು ಎರಡು ಮಧ್ಯಮ ಗಾತ್ರದವನ್ನು ಇಡಿ ಅಂತ ಒತ್ತಿ ಹೇಳುತ್ತೇನೆ. ಈ ವಾರ ಒಂದನ್ನು, ಎರಡು ವಾರ ಬಿಟ್ಟು ಇನ್ನೊಂದನ್ನು ಸ್ವಚ್ಛ ಮಾಡಬಹುದು. ಒಂದರ ಪಂಪು ಸುಟ್ಟುಹೋದರೂ ಇನ್ನೊಂದು ಓಡುತ್ತಿರುತ್ತದೆ. ಎರಡರಲ್ಲಿ ಒಂದು ಸ್ಪಾಂಜ್ ಫಿಲ್ಟರ್ ಆಗಿದ್ದು, ಜೊತೆಗೆ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಇಟ್ಟುಕೊಂಡರೆ ಕರೆಂಟ್ ಹೋದಾಗಲೂ ಮೀನಿಗೆ ಉಸಿರು ಸಿಗುತ್ತದೆ. ಕ್ಯಾನಿಸ್ಟರ್ ಮಾತ್ರ ಇದ್ದವರು ಇದನ್ನು ಕೇಳಿಸಿಕೊಳ್ಳಿ. ಅದು ಕೆಲವು ಗಂಟೆ ನಿಂತರೆ ಒಳಗಿನ ಆಕ್ಸಿಜನ್ ಮುಗಿದು ನೀರು ಕೊಳೆಯಲು ಶುರುವಾಗುತ್ತದೆ. ಕರೆಂಟ್ ಬಂದ ತಕ್ಷಣ ಆ ನೀರೆಲ್ಲ ಒಂದೇ ಸಲ ತೊಟ್ಟಿಗೆ ನುಗ್ಗುತ್ತದೆ. ತುಂಬ ಹೊತ್ತು ನಿಂತಿದ್ದರೆ ಮೊದಲು ಬಿಚ್ಚಿ, ಆ ನೀರು ಚೆಲ್ಲಿ, ಮೀಡಿಯಾವನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಓಡಿಸಿ.

ಎಷ್ಟು ಒಳ್ಳೆಯ ಫಿಲ್ಟರ್ ಇದ್ದರೂ ನೀರು ಬದಲಾಯಿಸುವುದು ತಪ್ಪುವುದಿಲ್ಲ. ನಮ್ಮ 0.37 ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆದರೆ ದಿನಕ್ಕೆ ಲೀಟರಿಗೆ ಸುಮಾರು 8 ಮಿಲಿಗ್ರಾಂ ಏರುತ್ತದೆ. ವಾರಕ್ಕೆ 56. ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸುತ್ತಾ ಹೋದರೂ, ಕೆಲವು ವಾರಗಳ ನಂತರ, ಪ್ರತಿ ಸಲ ಬದಲಾಯಿಸುವ ಮುನ್ನ ಅದು 110 ದಾಟಿರುತ್ತದೆ. ವಾರಕ್ಕೆ ಎರಡು ಸಲ ಅರ್ಧರ್ಧ ಬದಲಾಯಿಸಿದರೆ 56ರ ಹತ್ತಿರ ನಿಲ್ಲುತ್ತದೆ. ಗಿಡಗಳಿದ್ದರೆ ಸ್ವಲ್ಪ ಹೀರಿಕೊಳ್ಳುತ್ತವೆ, ಆದರೆ ಆಸ್ಕರ್ ಇರುವ ಕಡೆ ಗಿಡ ಎಲ್ಲಿ ಉಳಿಯುತ್ತದೆ?

ಕೆಎಚ್ ಕಡೆಗೂ ಕಣ್ಣಿರಲಿ. ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಗಡಸಿನ ಅಳತೆ ಅದು. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾ ನೀರಿನ ಕಾರ್ಬೊನೇಟ್ ಗಡಸನ್ನು ತಿನ್ನುತ್ತವೆ. ಇದೇ ತೊಟ್ಟಿಯಲ್ಲಿ ಲೆಕ್ಕದ ಪ್ರಕಾರ ದಿನಕ್ಕೆ ಮುಕ್ಕಾಲು ಡಿಗ್ರಿ ಕೆಎಚ್ ಇಳಿಯುತ್ತದೆ. ಮೆದು ನೀರು, ಕೆಎಚ್ 3 ಅಷ್ಟೇ ಇದ್ದರೆ ನಾಲ್ಕು ದಿನಕ್ಕೆ ಮುಗಿಯಿತು. ಆಮೇಲೆ ಪಿಎಚ್ ದಡದಡ ಇಳಿದು, ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗಿ, ಅಮೋನಿಯಾ ಏರುತ್ತದೆ. ಫಿಲ್ಟರ್ ಕೆಟ್ಟಿತು ಅಂತ ಹೊಸದು ತರುವ ಮುಂಚೆ ಕೆಎಚ್ ನೋಡಿ. ಎಷ್ಟೋ ಸಲ ಅಗತ್ಯ ಇರುವುದು ನೀರು ಬದಲಾವಣೆ, ಇಲ್ಲವೇ ಫಿಲ್ಟರಿನಲ್ಲಿ ಒಂದು ಚೀಲ ಪುಡಿ ಹವಳ.

ಕೊನೆಗೆ, ಹೊಸ ಫಿಲ್ಟರ್ ತಂದ ದಿನ ಏನು ಮಾಡಬೇಕು? ಹಳೆಯದನ್ನು ತೆಗೆಯಬೇಡಿ. ಹೊಸದರಲ್ಲಿ ಬ್ಯಾಕ್ಟೀರಿಯಾ ಇಲ್ಲ, ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟೂ ದಿನ ಎರಡನ್ನೂ ಜೊತೆಗೆ ಓಡಿಸಿ. ಹಳೆಯದು ಕೆಟ್ಟೇ ಹೋಗಿದ್ದರೆ ಅದರ ಮೀಡಿಯಾವನ್ನು ಒಣಗಲು ಬಿಡದೆ ಹೊಸದರೊಳಗೆ ಸೇರಿಸಿ. ಮೊದಲ ವಾರಗಳಲ್ಲಿ ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಎರಡನ್ನೂ ಪರೀಕ್ಷಿಸಿ. ಅಮೋನಿಯಾ ಕಂಡರೆ ಊಟ ಅರ್ಧಕ್ಕಿಳಿಸಿ, ನೀರು ಬದಲಾಯಿಸಿ. ನೈಟ್ರೈಟ್ ಕಂಡರೆ ಇವೆರಡರ ಜೊತೆಗೆ 100 ಲೀಟರಿಗೆ 10 ಗ್ರಾಂ ಸಾದಾ ಉಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನ ಬಳಿ ನೈಟ್ರೈಟಿಗೆ ಅಡ್ಡ ನಿಂತು ಅದು ರಕ್ತ ಸೇರುವುದನ್ನು ತಗ್ಗಿಸುತ್ತದೆ. ಫಿಲ್ಟರಿನಲ್ಲಿ ಜಿಯೋಲೈಟ್ (ಅಮೋನಿಯಾ ಹೀರುವ ಖನಿಜ) ಇದ್ದವರು ಮಾತ್ರ ಉಪ್ಪು ಹಾಕುವ ಮುಂಚೆ ಅದನ್ನು ಹೊರಗೆ ತೆಗೆದುಬಿಡಿ. ಉಪ್ಪು ತಾಗಿದರೆ ಜಿಯೋಲೈಟ್ ತಾನು ಹಿಡಿದಿಟ್ಟ ಅಮೋನಿಯಾವನ್ನು ಮತ್ತೆ ನೀರಿಗೇ ಬಿಡುತ್ತದೆ.